ಹೊಲದ ಸೊಪ್ಪು: ಭಕ್ಷ್ಯವೋ ಅಭಕ್ಷ್ಯವೋ?

ಗೋರ್ಟಾ ಎಂದೊಡನೆ ಬೀದರ ಸೀಮೆಯವರಿಗೆ 1948ರ ಬಲಿದಾನವು ಸ್ಮರಣೆಗೆ ಬರುವುದು ಸಹಜವೇ. ಆದರೆ ಈ ತಿಂಗಳು ನಾವು ಹೇಳಹೊರಟಿರುವುದು ಆ ಊರಿನ ಹೊಲದ ಬದುಗಳ ಮಾತು. ಬಸವಕಲ್ಯಾಣ ತಾಲೂಕಿನ ಗೋರ್ಟಾ (ಬಿ) ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಹೀಗೆ ಕೇಳಿರುವರು: “ಮುಂಗಾರಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಕಾಯಿಪಲ್ಯಕ್ಕೆಂದು ಪೇಟೆಗೆ ಹೋದವರಿಲ್ಲ. ನಮ್ಮ ತಾಯಿಯವರು ಬದುವಿನಿಂದ ಉಡಿ ತುಂಬ ತಪ್ಪಲು ತರುತ್ತಿದ್ದರು. ಅವರು ಕಾಲವಾಗಿ ಎರಡು ವರ್ಷಗಳಾದುವು. ಈಗ ಸೊಸೆಯು ತಗಚೆಯೆಂದು ಒಂದು ಸೊಪ್ಪನ್ನು ತಂದರೆ ಅದು ಹೌದೋ ಅಲ್ಲವೋ ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ. ತಿನ್ನತಕ್ಕ ಗಿಡವನ್ನು ಗುರುತಿಸುವುದಕ್ಕೆ ಸಾಮಾನ್ಯವಾದ ನಿಯಮ ಯಾವುದಾದರೂ ಉಂಟೇ?”

ಪ್ರಶ್ನೆಯು ಒಂದು ಮನೆಯದಾದರೂ ಸಂಕಟವು ಅನೇಕ ಮನೆಗಳದು. ಆದಕಾರಣ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ. ಮೊದಲಲ್ಲಿಯೇ ಹೇಳಿಬಿಡುವುದು ಮೇಲು: ಅಂತಹ ಸಾಮಾನ್ಯ ನಿಯಮ ಯಾವುದೂ ಇಲ್ಲ. ಇದೆಯೆಂದು ಜನರು ನಂಬಿಕೊಂಡು ಬಂದಿರುವ ನಿಯಮಗಳೇ ಅನೇಕ ಸಲ ಅಪಾಯಕ್ಕೆ ಮೂಲವಾಗಿರುವುವು. ಆದುದರಿಂದ ಮೊದಲು ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಪಶುಪಕ್ಷಿಗಳು ತಿಂದುದನ್ನು ನಾವೂ ತಿನ್ನಬಹುದೆಂಬುದು ಮೊದಲನೆಯ ನಿಯಮ. ಇದು ಬಹು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರಸನ ಅನ್ನದಲ್ಲಿ ವಿಷವಿದ್ದರೆ ಅದನ್ನು ಕಂಡ ಚಕೋರಪಕ್ಷಿಯ ಕಣ್ಣಿನ ಬಣ್ಣವು ಕೆಡುವುದೆಂದು ಹೇಳಿದೆ. ಗೃಹಸ್ಥನ ಮನೆಯಲ್ಲಿ ಚಕೋರವೆಲ್ಲಿಂದ ಬರಬೇಕು? ಆಡು ಮಾತ್ರ ಉಂಟು. ಆದರೆ “ಆಡು ಮುಟ್ಟದ ಸೊಪ್ಪಿಲ್ಲ” ಎಂಬ ನಮ್ಮ ಗಾದೆಯೇ ಈ ಪರೀಕ್ಷೆಯ ಬೆಲೆಯನ್ನು ತೋರಿಸುತ್ತದೆ. ಎಲ್ಲವನ್ನೂ ಮುಟ್ಟುವ ಪ್ರಾಣಿಯು ಯಾವುದಕ್ಕೆ ಸಾಕ್ಷಿಯಾದೀತು? ಪ್ರಾಣಿಪ್ರಾಣಿಗೂ ದೇಹಧರ್ಮವು ಬೇರೆ. ಯೂರೋಪಿನ ಬೆಲಡೋನವೆಂಬ ವಿಷದ ಗಿಡವನ್ನು ಕೆಲವು ಮೊಲಗಳು ತಿಂದು ನಿಶ್ಚಿಂತವಾಗಿರುವುವು. ಏಕೆಂದರೆ ಆ ವಿಷವನ್ನು ಮುರಿಯುವ ದ್ರವ್ಯವು ಅವುಗಳ ರಕ್ತದಲ್ಲಿಯೇ ಇರುವುದು. ನಮ್ಮ ದಾಂಡೇಲಿಯ ಕಡೆಯ ಕಾಡುಗಳಲ್ಲಿ ಕಾಸರಕದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿಗಳು ತಿನ್ನುವುವು. ಆದರೆ ಅದೇ ಹಣ್ಣಿನ ಬೀಜವು ಮನುಷ್ಯನಿಗೆ ಪ್ರಾಣಾಂತಿಕವಾದುದು. ಅಮೆರಿಕದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನನ ತಾಯಿ 1818ರಲ್ಲಿ ತೀರಿಕೊಂಡುದು ಹಾಲಿನಿಂದ ಬಂದ ಒಂದು ರೋಗದಿಂದ. ಕಾಡಿನಲ್ಲಿ ಮೇದ ಹಸುವು ವಿಷದ ಗಿಡವೊಂದನ್ನು ತಿಂದರೆ ಆ ವಿಷವು ಹಾಲಿನ ಮೂಲಕ ಕುಡಿದವರ ಮೈಗೆ ಇಳಿಯುತ್ತಿತ್ತು. ಹೀಗಿರುವಲ್ಲಿ ದನವು ಮೇದಿತೆಂದು ಮಗುವಿಗೆ ಉಣಿಸುವುದು ಹೇಗೆ?

ಎರಡನೆಯದು ರುಚಿಯ ನಿಯಮ. ಕಹಿಯಾದುದು ವಿಷ, ಸಿಹಿಯಾದುದು ನಿರ್ದೋಷ ಎನ್ನುವರು. ಹಾಗಲಕಾಯಿಯನ್ನು ಉಣ್ಣುವವರೂ ಯುಗಾದಿಯ ದಿನ ಬೇವನ್ನು ಮೆಲ್ಲುವವರೂ ಆದ ನಾವು ಇದನ್ನು ನಂಬುವುದು ಆಶ್ಚರ್ಯವೇ ಸರಿ. ಬೇಲಿಗೆ ನೆಡುವ ಕಾಡು ಔಡಲ, ಎಂದರೆ ಜತ್ರೋಪಾ ಗಿಡದ ಬೀಜವು ಶೇಂಗದಂತೆ ರುಚಿಕರವಾಗಿರುವುದು. ಈ ರುಚಿಯಿಂದಲೇ ಶಾಲೆಯ ಮಕ್ಕಳು ಅದನ್ನು ಹಂಚಿಕೊಂಡು ತಿಂದು, ವಾಂತಿಭೇದಿಗಳಿಂದ ಗುಂಪುಗುಂಪಾಗಿ ಆಸ್ಪತ್ರೆಗೆ ಸೇರಿದ ಸಂಗತಿಗಳು ನಮ್ಮ ರಾಜ್ಯದಲ್ಲಿ ಪದೇಪದೇ ನಡೆದಿರುವುವು. ಸ್ವಲ್ಪ ತಿಂದು ಒಂದು ಗಳಿಗೆ ಕಾದು ನೋಡಿದರೆ ತಿಳಿಯುವುದೆಂಬ ಮಾತೂ ಹೀಗೆಯೇ. ಲಾಂಗಲೀ ಎಂದು ಸಂಸ್ಕೃತದಲ್ಲಿ ಹೆಸರಾದ, ಬೆಂಕಿಯ ನಾಲಿಗೆಯಂತಹ ಹೂವಿನ ಬಳ್ಳಿಯ ಗೆಡ್ಡೆಯನ್ನು ಗೆಣಸೆಂದು ತಿಂದವರಿಗೆ ಕೆಲವು ಗಂಟೆಗಳವರೆಗೆ ಏನೂ ತೋರದಿರಬಹುದು. ತೋರುವ ಹೊತ್ತಿಗೆ ವಿಷವು ಮೈಯೆಲ್ಲ ವ್ಯಾಪಿಸಿರುವುದು.

ಮೂರನೆಯದು, ಚೆನ್ನಾಗಿ ಬೇಯಿಸಿದರೆ ಎಲ್ಲ ದೋಷವೂ ಹೋಗುವುದೆಂಬ ಭರವಸೆ. ಕೆಸುವಿನ ಎಲೆಯ ತುರಿಕೆಯು ಹುಣಿಸೆಯ ಹುಳಿಯೊಡನೆ ಚೆನ್ನಾಗಿ ಬೆಂದರೆ ಅಡಗುವುದು ನಿಜ. ಆದರೆ ಉಮ್ಮತ್ತಿಯ ವಿಷವು ಒಲೆಗೆ ಹೆದರುವುದಿಲ್ಲ. ಪಲ್ಯ ಮಾಡಿದರೂ ಅದು ಉಮ್ಮತ್ತಿಯೇ. ನಾಲ್ಕನೆಯದು ಅಣಬೆಗೆ ಸಂಬಂಧಿಸಿದುದು. ಪಾತ್ರೆಯಲ್ಲಿ ಬೆಳ್ಳಿಯ ನಾಣ್ಯವನ್ನು ಹಾಕಿ, ಅದು ಕಪ್ಪಾಗದಿದ್ದರೆ ಅಣಬೆಯು ಒಳ್ಳೆಯದೆನ್ನುವರು. ಮಾರಕವಾದ ಅಣಬೆಗಳ ವಿಷಕ್ಕೂ ಬೆಳ್ಳಿಗೂ ಯಾವ ಸಂಬಂಧವೂ ಇಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಮೇಲ್ಭಾಗದಲ್ಲಿ ಕಾಡಣಬೆ ತಿಂದು 13 ಜನರು ತೀರಿಕೊಂಡರು. ಅಣಬೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವು ಒಂದೇ: ವರ್ಷ ವರ್ಷವೂ ಅದೇ ಸ್ಥಳದಲ್ಲಿ ಅದೇ ಅಣಬೆಯನ್ನು ಆಯ್ದು ಉಂಡವರು ಜೊತೆಯಲ್ಲಿ ಇಲ್ಲದಿದ್ದರೆ ಅದರ ತಂಟೆಗೆ ಹೋಗತಕ್ಕದ್ದಲ್ಲ.

ಇನ್ನೊಂದು ನಿಯಮವು ಹೆಚ್ಚು ಸೂಕ್ಷ್ಮವಾದುದು. ಹಾಲು ಒಸರುವ ಗಿಡವನ್ನು ತಿನ್ನಬಾರದೆಂದು ಹೇಳುವರು. ಇದರಲ್ಲಿ ಒಂದಂಶ ಸತ್ಯವುಂಟು. ಗೋಳಿ ಸೊಪ್ಪಿನ ಹಾಗೆಯೇ ನೆಲಕ್ಕೆ ಅಂಟಿಕೊಂಡು ಹರಡುವ ಬೇರೊಂದು ಕಳೆಯುಂಟು. ಅದರ ಕಡ್ಡಿಯನ್ನು ಮುರಿದರೆ ಬಿಳಿಯ ಹಾಲು ಬರುವುದು. ಗೋಳಿಯ ತಿರುಳುಳ್ಳ ದಂಟನ್ನು ಮುರಿದರೆ ಬರಿಯ ನೀರು. ಈ ಎರಡನ್ನು ಬೇರ್ಪಡಿಸುವುದಕ್ಕೆ ಹಾಲಿನ ಗುರುತು ಬಹಳ ಒಳ್ಳೆಯದು. ಆದರೆ ಇದನ್ನೇ ಎಲ್ಲ ಗಿಡಗಳಿಗೂ ಅನ್ವಯಿಸಿದರೆ, ಜೋಳದ ರೊಟ್ಟಿಯೊಡನೆ ನಮ್ಮವರು ಹಸಿಯಾಗಿಯೇ ತಿನ್ನುವ ಹಕ್ಕರಕಿಯೂ ನಿಷಿದ್ಧವಾಗಬೇಕಾದೀತು; ಅದೂ ಹಾಲು ಸುರಿಸುವುದಷ್ಟೆ. ಹಾಲಿಲ್ಲದ ಗಿಡಗಳೆಲ್ಲ ಭಕ್ಷ್ಯವೆಂದರೆ ಉಮ್ಮತ್ತಿಯೂ ಭಕ್ಷ್ಯವಾಗಬೇಕಾದೀತು. ಗೊತ್ತಿರುವ ಎರಡು ಗಿಡಗಳ ನಡುವಣ ಭೇದವನ್ನು ಹೇಳುವ ಗುರುತು ಬೇರೆ, ಗೊತ್ತಿಲ್ಲದ ಗಿಡದ ಗುಣವನ್ನು ನಿರ್ಣಯಿಸುವ ನಿಯಮ ಬೇರೆ. ಮೊದಲನೆಯದು ಬೇಕಾದಷ್ಟು ಉಂಟು, ಎರಡನೆಯದು ಇಲ್ಲ. ವಾಚಕರು ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಬೇಕೆಂದು ನಮ್ಮ ಪ್ರಾರ್ಥನೆ.

ಹಾಗಾದರೆ ಬಲ್ಲವರು ಬಲ್ಲುದಾದರೂ ಹೇಗೆ? ಪರಿಚಯದಿಂದ. ಊರಿನ ಜನರನ್ನು ನಾವು ಮೂಗು ಹುಬ್ಬುಗಳನ್ನು ಅಳೆದು ಗುರುತಿಸುವುದಿಲ್ಲ. ಮತ್ತೆ ಮತ್ತೆ ಕಂಡು ಗುರುತಿಸುವೆವು. ಗಿಡಗಳ ಮಾತೂ ಅಷ್ಟೇ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿ, ಓಷಧಿಗಳ ನಾಮರೂಪಗಳನ್ನು ಅರಿತವರು ಆಡು ಕುರಿ ಕಾಯುವವರು, ಗೋವಳರು ಮತ್ತು ವನವಾಸಿಗಳು ಎಂಬ ಅಭಿಪ್ರಾಯವು ಬರುವುದು. ವೈದ್ಯನು ಪ್ರಯೋಗವನ್ನು ಬಲ್ಲನು. ಗಿಡವನ್ನು ತೋರಿಸಬಲ್ಲವನು ಕುರುಬನು. ಅಮರಕೋಶದ ವನೌಷಧಿವರ್ಗವನ್ನು ಆದ್ಯಂತವಾಗಿ ಬಾಯಿಪಾಠ ಮಾಡಿದ ಪಂಡಿತನೂ ಬದುವಿನಲ್ಲಿ ನಿಂತಾಗ ಆ ಕುರುಬನನ್ನೇ ಕೇಳಬೇಕಾಗುವುದು. ಏಕೆಂದರೆ ಹೆಸರು ಮೋಸಮಾಡುವುದು. ಪುನರ್ನವಾ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಗಿಡಗಳನ್ನು ಕರೆಯುವರು. ಕನಕವೆಂದರೆ ಬಂಗಾರವೂ ಹೌದು, ಉಮ್ಮತ್ತಿಯೂ ಹೌದು. ದತ್ತೂರಿಯೆಂದು ಕೆಲವೆಡೆ ಉಮ್ಮತ್ತಿಗೆ ಹೇಳಿದರೆ, ಕೆಲವೆಡೆ ಹಳದಿಯ ಹೂವಿನ ಮುಳ್ಳುಗಿಡಕ್ಕೆ ಹೇಳುವರು. ಈ ಮುಳ್ಳುಗಿಡದ ಬೀಜವು ಸಾಸಿವೆಯೊಡನೆ ಬೆರೆತುದರಿಂದಲೇ 1998ರಲ್ಲಿ ದಿಲ್ಲಿಯಲ್ಲಿ ಜಲೋದರದಂತಹ ಬಾವಿನ ರೋಗವು ಹರಡಿ ಅನೇಕರು ಪ್ರಾಣ ಕಳೆದುಕೊಂಡರು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಬೀದರ ಸೀಮೆಯಲ್ಲಿ ಹೆಸರನ್ನು ನಂಬಿ ಗಿಡವನ್ನು ತಿನ್ನುವುದು ಇನ್ನೂ ಅಪಾಯಕರ.

ಬಲ್ಲವರ ಪರಿಚಯವನ್ನು ಪರೀಕ್ಷಿಸಿ ನೋಡಿದರೆ, ಅದರಲ್ಲಿ ಐದು ಅಂಶಗಳು ಅಡಗಿರುವುದು ಕಾಣುವುದು. ಅವು ಜಾತಿ, ಅಂಗ, ಕಾಲ, ಪಾಕ, ಸ್ಥಳ ಎಂಬುವು. ಇವುಗಳಲ್ಲಿ ಒಂದು ತಪ್ಪಿದರೂ ಅನ್ನವು ವಿಷವಾಗಬಹುದು.

ಜಾತಿಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಪ್ರಶ್ನೆ ಕೇಳಿದ ಗೃಹಸ್ಥರು ತಗಚೆಯ ಹೆಸರೆತ್ತಿದುದು ಒಳ್ಳೆಯದೇ ಆಯಿತು. ತಗಚೆಯು ಸಂಸ್ಕೃತದಲ್ಲಿ ಚಕ್ರಮರ್ದ, ಮರಾಠಿಯಲ್ಲಿ ತರೋಟಾ, ಸಸ್ಯಶಾಸ್ತ್ರದಲ್ಲಿ ಸೆನ್ನ ತೋರ. ಮೊದಲ ಮಳೆಗಳಲ್ಲಿ ಚಿಗುರುವ ಇದರ ಎಳೆಯ ಎಲೆಯ ಪಲ್ಯವು ನಮ್ಮ ಕಡೆ ಬಡವರ ಮನೆಗಳಲ್ಲಿಯೂ ಉಳ್ಳವರ ಮನೆಗಳಲ್ಲಿಯೂ ನಡೆದುಬಂದುದು. ಇದಕ್ಕೆ ಒಬ್ಬ ಅಣ್ಣನುಂಟು: ದೊಡ್ಡ ತಗಚೆ. ಸಂಸ್ಕೃತದಲ್ಲಿ ಇದು ಕಾಸಮರ್ದ, ಸಸ್ಯಶಾಸ್ತ್ರದಲ್ಲಿ ಸೆನ್ನ ಆಕ್ಸಿಡೆಂಟಾಲಿಸ್. ಎರಡೂ ಒಂದೇ ಬಯಲಿನಲ್ಲಿ, ಅದೇ ಮಳೆಗೆ, ಅದೇ ಹಳದಿಯ ಹೂವಿನೊಡನೆ ಬೆಳೆಯುವುವು.

ಈ ಅಣ್ಣನು ಮಾಡಿದ ಅನರ್ಥವನ್ನು ಕೇಳಿರಿ. ಪಶ್ಚಿಮ ಉತ್ತರಪ್ರದೇಶದ ಹಳ್ಳಿಗಳಲ್ಲಿ ಮಳೆಗಾಲ ಮುಗಿದೊಡನೆ ವರ್ಷ ವರ್ಷವೂ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಬಹುಕಾಲ ಇದನ್ನು ವೈರಾಣುವಿನಿಂದ ಬರುವ ಮಿದುಳುಜ್ವರವೆಂದೇ ಭಾವಿಸಲಾಗಿತ್ತು. ಬಿಜನೋರಿನ ಮಕ್ಕಳ ವೈದ್ಯರಾದ ವಿಪಿನ್ ವಶಿಷ್ಠ, ವೆಲ್ಲೂರಿನ ವೈರಾಣುತಜ್ಞರಾದ ಟಿ. ಜೇಕಬ್ ಜಾನ್ ಮೊದಲಾದವರು ಶೋಧಿಸಿ, ಈ ಮಕ್ಕಳಲ್ಲಿ ಯಕೃತ್ತು, ಸ್ನಾಯು, ಮಿದುಳು ಮೂರೂ ಒಟ್ಟಿಗೆ ಕೆಟ್ಟಿರುವುದನ್ನು ಕಂಡರು. ಮಕ್ಕಳು ಆಟದಲ್ಲಿ ತಿಂದ ದೊಡ್ಡ ತಗಚೆಯ ಬೀಜವೇ ಇದಕ್ಕೆ ಕಾರಣವೆಂದು 2007ರಲ್ಲಿ ಪ್ರಕಟಿಸಿದರು. ಜನರಿಗೆ ತಿಳಿವಳಿಕೆ ಹೇಳಿದ ಮೇಲೆ ಅಲ್ಲಿ ಸಾವುಗಳು ಕಡಮೆಯಾದುವು. ಆದರೆ ಆ ತಿಳಿವಳಿಕೆಯು ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯನ್ನು ಮುಟ್ಟಿರಲಿಲ್ಲ. 2016ರಲ್ಲಿ ಅಲ್ಲಿ ಕೆಲವೇ ತಿಂಗಳುಗಳಲ್ಲಿ ನೂರರಷ್ಟು ಮಕ್ಕಳು ತೀರಿಕೊಂಡರು. ಕೆಲವರಲ್ಲಿ ಮಿದುಳುಜ್ವರದ ವೈರಾಣುವು ಕಂಡುಬಂದರೂ, ಉಳಿದ ಅನೇಕರ ಸಾವಿಗೆ ಈ ಬೀಜವೇ ಕಾರಣವೆಂದು ಜೇಕಬ್ ಜಾನ್ ಅವರ ತಂಡವು ನಿರ್ಣಯಿಸಿತು. ಒಡಿಯಾ ಭಾಷೆಯಲ್ಲಿ ತಗಚೆಗೆ ಚಾಕುಂಡಾ ಎಂತಲೂ ಈ ಗಿಡಕ್ಕೆ ಬಡಾ ಚಾಕುಂಡಾ ಎಂತಲೂ ಹೆಸರು. ಅಲ್ಲಿಯೂ ಇಲ್ಲಿಯೂ ಅನ್ನಕ್ಕೂ ಮೃತ್ಯುವಿಗೂ ನಡುವೆ ಇರುವುದು ‘ದೊಡ್ಡ’ ಎಂಬ ಒಂದೇ ಮಾತು!

ಇವೆರಡನ್ನು ಬೇರ್ಪಡಿಸುವ ಗುರುತುಗಳನ್ನು ಮನೆಯವರೆಲ್ಲ ಕಲಿಯತಕ್ಕದ್ದು. ತಗಚೆಯ ಒಂದೊಂದು ಎಲೆಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ಕಿರಿಯೆಲೆಗಳಿರುವುವು. ಅವುಗಳ ತುದಿಯು ದುಂಡಾಗಿದ್ದು ಬುಡಕ್ಕಿಂತ ಅಗಲವಾಗಿರುವುದು. ದೊಡ್ಡ ತಗಚೆಯಲ್ಲಿ ನಾಲ್ಕರಿಂದ ಆರು ಜೊತೆಗಳಿದ್ದು, ಕಿರಿಯೆಲೆಯ ತುದಿಯು ಚೂಪಾಗಿರುವುದು. ಎಳೆಯ ಸಸಿಯಲ್ಲಿ ಜೊತೆಗಳು ಕಡಮೆಯಿರಬಹುದಾದುದರಿಂದ ಎಣಿಕೆಯೊಂದನ್ನೇ ನಂಬದೆ ತುದಿಯ ಆಕಾರವನ್ನೂ ನೋಡಬೇಕು. ತಗಚೆಯ ಕಾಯಿಯು ಸಪೂರವಾಗಿ ಉದ್ದವಾಗಿ ಕುಡುಗೋಲಿನಂತೆ ಬಾಗಿರುವುದು. ದೊಡ್ಡ ತಗಚೆಯ ಕಾಯಿಯು ಗಿಡ್ಡವಾಗಿ ಚಪ್ಪಟೆಯಾಗಿದ್ದು, ನಡುವೆ ಕಂದಾಗಿ, ಅಂಚಿನಲ್ಲಿ ತಿಳಿಬಣ್ಣದ ಗೆರೆಯುಳ್ಳದ್ದಾಗಿರುವುದು. ಹೊಸಕಿದರೆ ಕೆಟ್ಟ ವಾಸನೆಯು ಎರಡರಲ್ಲಿಯೂ ಉಂಟು; ಆದುದರಿಂದ ವಾಸನೆಯು ಇಲ್ಲಿ ಸಾಕ್ಷಿಯಾಗಲಾರದು.

ಎರಡನೆಯದು ಅಂಗ. ಗಿಡವು ಒಳ್ಳೆಯದೆಂದ ಮಾತ್ರಕ್ಕೆ ಅದರ ಸರ್ವಾಂಗವೂ ಒಳ್ಳೆಯದಲ್ಲ. ಸೀತಾಫಲದ ತಿರುಳು ಅಮೃತಸಮಾನ. ಅದರ ಬೀಜದ ಪುಡಿಯು ಹೇನನ್ನು ಕೊಲ್ಲುವುದು, ಕಣ್ಣಿಗೆ ಬಿದ್ದರೆ ಕಣ್ಣನ್ನೂ ಕೆಡಿಸುವುದು. ತಗಚೆಯಲ್ಲಿಯೂ ಪಲ್ಯಕ್ಕೆ ಸಲ್ಲುವುದು ಎಳೆಯ ಎಲೆಯೇ ಹೊರತು ಬೀಜವಲ್ಲ. ಮೂರನೆಯದು ಕಾಲ. ಕಾಕಮಾಚಿಯೆಂಬ ಗಣಿಕೆಯ ಹಣ್ಣು ಪೂರ್ಣವಾಗಿ ಕಪ್ಪಾದ ಮೇಲೆ ಮಕ್ಕಳು ಕಿತ್ತು ತಿನ್ನುವುದುಂಟು. ಆದರೆ ಅದೇ ಕಾಯಿ ಹಸುರಾಗಿರುವಾಗ ವಿಷಯುಕ್ತವಾದುದು. ಹೂಬಿಟ್ಟ ಮೇಲೆ ಬಲಿತ ಸೊಪ್ಪನ್ನು ನಮ್ಮ ಹಿರಿಯರು ಕೀಳುತ್ತಿರಲಿಲ್ಲವೆಂಬುದು ಬರಿಯ ರುಚಿಯ ಮಾತಲ್ಲ. ನಾಲ್ಕನೆಯದು ಪಾಕ. ಕೆಲವು ಸೊಪ್ಪುಗಳನ್ನು ಕುದಿಸಿ ನೀರನ್ನು ಚೆಲ್ಲುವರು, ಕೆಲವಕ್ಕೆ ಹುಳಿಯನ್ನೋ ಮಜ್ಜಿಗೆಯನ್ನೋ ಕೂಡಿಸುವರು. ಈ ಕ್ರಮಗಳನ್ನು ಕಾರಣ ತಿಳಿಯದೆಂದು ಬಿಡಬಾರದು. ಗೋಳಿ, ರಾಜಗಿರಿ ಮೊದಲಾದವುಗಳಲ್ಲಿ ಆಕ್ಸಲಿಕ್ ಆಮ್ಲವು ಅಧಿಕವಾಗಿರುವುದರಿಂದ, ಮೂತ್ರಪಿಂಡದಲ್ಲಿ ಕಲ್ಲಿರುವವರು ಪರಿಚಿತವಾದ ಸೊಪ್ಪನ್ನೂ ಮಿತವಾಗಿಯೇ ಉಣ್ಣತಕ್ಕದ್ದು.

ಐದನೆಯದಾದ ಸ್ಥಳವು ನಮ್ಮ ಕಾಲದಲ್ಲಿ ಹೊಸ ಅರ್ಥವನ್ನು ಪಡೆದಿರುವುದು. ಹಿರಿಯರು ಸ್ಮಶಾನ, ತಿಪ್ಪೆ, ಬಚ್ಚಲುಗಳ ಸೊಪ್ಪನ್ನು ಬಿಡುತ್ತಿದ್ದರು. ಉಮ್ಮತ್ತಿಗೆ ತಿಪ್ಪೆಯೇ ಪ್ರಿಯವಾದ ನೆಲೆಯಾದುದರಿಂದ ಇದು ವಿವೇಕವೇ ಆಗಿತ್ತು. ಈಗ ನಾವು ಇನ್ನೂ ಕೆಲವನ್ನು ಬಿಡಬೇಕು. ಬೀದರ ಜಿಲ್ಲೆಯಲ್ಲಿ ಸೋಯಾಬೀನಿನ ಬೆಳೆಯು ಹಬ್ಬಿದ ಮೇಲೆ, ಹೆಣ್ಣುಮಕ್ಕಳ ಕೈಯಿಂದ ಆಗುತ್ತಿದ್ದ ಕಳೆಯ ಕೆಲಸವನ್ನು ಅನೇಕ ಹೊಲಗಳಲ್ಲಿ ಕಳೆನಾಶಕದ ಸಿಂಪಡಣೆಯು ಮಾಡುತ್ತಿದೆ. ಔಷಧ ಬಿದ್ದ ಸೊಪ್ಪು ಎರಡು ಮೂರು ದಿನ ಹಸುರಾಗಿಯೇ ಕಾಣುವುದುಂಟು. ಹುಮನಾಬಾದು ಬಸವಕಲ್ಯಾಣಗಳ ಕಡೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಅಂಚಿನ ಸೊಪ್ಪಿನ ಮೇಲೆ ವಾಹನಗಳ ಹೊಗೆ ಧೂಳುಗಳು ಕೂರುವುವು. ಆದುದರಿಂದ ತನ್ನ ಹೊಲ, ಅಥವಾ ಏನು ಸಿಂಪಡಿಸಿದೆಯೆಂದು ಕೇಳಿ ತಿಳಿಯಬಹುದಾದ ನೆರೆಯವನ ಹೊಲ, ಇವುಗಳನ್ನು ಬಿಟ್ಟು ಬೇರೆ ಕಡೆ ಸೊಪ್ಪು ಕೀಳುವುದು ಯುಕ್ತವಲ್ಲ.

ಹಾಗಾದರೆ ಪೇಟೆಯ ಸೊಪ್ಪು ಮಾತ್ರ ನಿರ್ಭಯವಾದುದೇ ಎಂದು ಕೆಲವರು ಕೇಳಬಹುದು. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ಅಂಗಡಿಯ ಪಾಲಕ ಸೊಪ್ಪನ್ನು ತಿಂದು ನೂರಕ್ಕಿಂತ ಹೆಚ್ಚು ಜನರು ಭ್ರಮೆ, ಎದೆಬಡಿತ, ಕಣ್ಣು ಮಂಜಾಗುವಿಕೆಗಳಿಂದ ತೊಳಲಿದರು. ಪಾಲಕದ ನಡುವೆ ಬೆಳೆದಿದ್ದ ಉಮ್ಮತ್ತಿಯ ಜಾತಿಯ ಕಳೆಯು ಅದರೊಡನೆ ಕೊಯ್ಲಾಗಿ ಬಂದಿತ್ತು. ಯಂತ್ರವು ಕೊಯ್ದಿತು, ಸೊಪ್ಪನ್ನು ಒಂದೊಂದೆಲೆಯಾಗಿ ಸೋಸುವ ಕೈಯಿರಲಿಲ್ಲ. ನಮ್ಮ ಮನೆಗಳಲ್ಲಿ ಮೊರದಲ್ಲಿ ಹರಡಿ ಸೋಸುವ ರೂಢಿಯುಂಟಲ್ಲವೇ, ಅದನ್ನು ಎಷ್ಟು ಅವಸರವಿದ್ದರೂ ಬಿಡಬಾರದು. ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರನ್ನು ಹೇಳುವ ಸಾಧನಗಳು ಈಗ ಬಂದಿವೆ. ಅವು ಕುತೂಹಲಕ್ಕೂ ಅಭ್ಯಾಸಕ್ಕೂ ಒಳ್ಳೆಯವು. ಆದರೆ ಸಾಧನವು ಹೇಳುವುದು ಊಹೆ, ಉಣ್ಣುವವನದು ಪ್ರಾಣ. ಎಳೆಯ ಸಸಿಗಳಲ್ಲಿ ಆ ಊಹೆಯು ತಪ್ಪುವುದು ಇನ್ನೂ ಸುಲಭ.

ಇಷ್ಟು ಭಯವನ್ನು ಹೇಳಿದುದರಿಂದ ಹೊಲದ ಸೊಪ್ಪನ್ನು ತ್ಯಜಿಸಿರೆಂದು ನಮ್ಮ ಅಭಿಪ್ರಾಯವಲ್ಲ. ಬಿತ್ತದೆ, ಗೊಬ್ಬರ ಹಾಕದೆ, ಕಾಸು ಕೊಡದೆ ಬರುವ ಈ ಸೊಪ್ಪುಗಳಲ್ಲಿ ಕಬ್ಬಿಣ, ಸುಣ್ಣ ಮೊದಲಾದ ಸತ್ತ್ವಗಳು ಸಮೃದ್ಧವಾಗಿರುವುವು. 1972ರ ಬರದಂತಹ ಕಷ್ಟಕಾಲದಲ್ಲಿ ಇಂತಹ ತಿಳಿವಳಿಕೆಯಿದ್ದ ಮನೆಯು ಅದಿಲ್ಲದ ಮನೆಗಿಂತ ಒಂದು ಹೊತ್ತಾದರೂ ಹೆಚ್ಚು ಉಂಡಿತು. ಹುಮನಾಬಾದಿನಿಂದ ಹೈದರಾಬಾದಿನ ದಾರಿಯಲ್ಲಿ ಸಿಕ್ಕುವ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ, 1983ರಲ್ಲಿ ಸ್ಥಾಪಿತವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೆಂಬ ಸಂಸ್ಥೆಯು ಹಳ್ಳಿಯ ರೈತಹೆಣ್ಣುಮಕ್ಕಳೊಡನೆ ಕೂಡಿ ಬಿತ್ತದೆ ಬೆಳೆಯುವ ಸೊಪ್ಪುಗಳ ವಿವರವನ್ನು ಸಂಗ್ರಹಿಸಿರುವುದು. ಅಲ್ಲಿ ಆಚಾರ್ಯಪದವಿಯು ಅಕ್ಷರಬಲ್ಲವರದಲ್ಲ, ಕಳೆ ಕಿತ್ತ ಕೈಗಳದು. ಚರಕಸಂಹಿತೆಯ ಮಾತನ್ನು ಅವರು ಆಚರಣೆಯಲ್ಲಿ ತೋರಿಸಿದಂತಾಯಿತು.

ಆದಕಾರಣ ಗೋರ್ಟಾದ ಗೃಹಸ್ಥರಿಗೂ ಅವರಂತಹ ಇತರರಿಗೂ ನಮ್ಮ ಸೂಚನೆಯಿದು. ತಾಯಿಯವರು ಹೋದರೂ ಅವರ ಓರಗೆಯವರು ಊರಿನಲ್ಲಿ ಇದ್ದೇ ಇರುವರು. ಅವರೊಡನೆ ಕಳೆ ತೆಗೆದವರು, ಕುರಿ ಕಾಯ್ದವರು ಇರುವರು. ಅವರಲ್ಲಿ ಒಬ್ಬರನ್ನು ಗೌರವದಿಂದ ಕರೆದು, ಸೊಸೆಯನ್ನೂ ಮಕ್ಕಳನ್ನೂ ಜೊತೆಗೂಡಿಸಿ ಹೊಲಕ್ಕೆ ಕಳುಹಿಸಿರಿ. ಒಂದು ವರ್ಷಕ್ಕೆ ಐದೇ ಸೊಪ್ಪುಗಳನ್ನು ಕಲಿತರೆ ಸಾಕು. ಪ್ರತಿಯೊಂದನ್ನೂ ಸಸಿಯಾಗಿ, ಹೂವಾಗಿ, ಕಾಯಾಗಿ ಮೂರು ಸಲ ನೋಡಬೇಕು. ಅದನ್ನು ಹೋಲುವ ಕೆಟ್ಟ ಗಿಡ ಯಾವುದೆಂದು ಕೇಳದೆ ಬರಬಾರದು. ಎಲೆಯನ್ನು ಒಣಗಿಸಿ ಒಂದು ವಹಿಯಲ್ಲಿ ಅಂಟಿಸಿ, ತೋರಿಸಿದವರ ಹೆಸರು, ಸ್ಥಳ, ತಿಂಗಳು, ತಿನ್ನುವ ಅಂಗ, ಬೇಯಿಸುವ ಕ್ರಮಗಳನ್ನು ಬರೆದಿಡಬೇಕು. ಎಳ್ಳ ಅಮಾವಾಸ್ಯೆಯ ದಿನ ಭಜ್ಜಿ ಅಂಬಲಿಗಳೊಡನೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ಸಂಪ್ರದಾಯವು ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿರುವುದು. ಮಕ್ಕಳ ಈ ಪಾಠಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೊಂದಿಲ್ಲ. ದೊಡ್ಡ ತಗಚೆಯ ಕಾಯಿಯು ಒಣಗಿ ನಿಲ್ಲುವ ಕಾಲವೂ ಹೆಚ್ಚು ಕಡಮೆ ಅದೇ. ಹಿರಿಯರಿಗೆ ತೋರಿಸದೆ ಯಾವ ಕಾಯಿಯನ್ನೂ ಬಾಯಿಗೆ ಹಾಕಕೂಡದೆಂದು ಅವರಿಗೆ ಅಂದೇ ಹೇಳಿಕೊಡಬೇಕು.

ದೈವವಶಾತ್ ಯಾರಾದರೂ ಸಂದೇಹದ ಗಿಡವನ್ನು ತಿಂದುಬಿಟ್ಟರೆ ಮಾಡತಕ್ಕುದನ್ನು ಹೇಳಿ ಮುಗಿಸುವೆವು. ಬಾಯಿ ಒಣಗಿ ಕಣ್ಣಿನ ಪಾಪೆಯು ಹಿಗ್ಗಿ ಮಾತು ತಡವರಿಸಿದರೆ ಉಮ್ಮತ್ತಿಯನ್ನು ಶಂಕಿಸಬೇಕು. ಆದರೆ ಲಕ್ಷಣಗಳಿಗಾಗಿ ಕಾಯುವುದು ಸಲ್ಲದು. ಬಾಯಲ್ಲಿ ಉಳಿದುದನ್ನು ತೆಗೆದು ಬಾಯಿಯನ್ನು ತೊಳೆಸಿ, 108ಕ್ಕೆ ಕರೆಮಾಡಿ ತಾಲೂಕು ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ, ಗಂಟಲಲ್ಲಿ ಬೆರಳಿಟ್ಟು ವಾಂತಿಮಾಡಿಸುವ ಹಳೆಯ ಪದ್ಧತಿಯು ಹಾನಿಕರವೆಂದು ಇಂದಿನ ವೈದ್ಯರು ಹೇಳುವರು. ಎಚ್ಚರ ತಪ್ಪಿದವನಿಗೆ ಏನನ್ನೂ ಕುಡಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ತಿಂದ ಗಿಡದ ಒಂದು ರೆಂಬೆಯನ್ನು ಎಲೆ, ಹೂವು, ಕಾಯಿಗಳೊಡನೆ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಉತ್ತರಪ್ರದೇಶದ ಆ ಮಕ್ಕಳ ರೋಗದ ಕಾರಣವು ಬಹುಕಾಲ ತಿಳಿಯದೆ ಹೋದುದು, ಮಗುವು ಏನನ್ನು ತಿಂದಿತೆಂದು ವೈದ್ಯರಿಗೆ ಹೇಳುವವರಿಲ್ಲದೆ ಇದ್ದುದರಿಂದಲೇ.